ಕಂಟಿನ್ಯುಯೇಷನ್ ಇದ್ದರೆ ಪ್ರೋಗ್ರಾಂ ಹಿಂದಿನ ಕಾಲಕ್ಕೆ ಹೋಗುತ್ತದೆಯೇ?

‘ಸಿ ಪ್ರೋಗ್ರಾಂ ಒಳಗೆ ಸ್ಕೀಮ್ ಇಂಟರ್‌ಪ್ರಿಟರ್ ಸೇರಿಸಿದರೆ ಟೈಮ್ ಮಷೀನ್ ಸಿಕ್ಕಿದ ಹಾಗೆ, ಏನೇ ತಪ್ಪಾದರೂ ಹಿಂದೆ ಹೋಗಿ ಸರಿಮಾಡಬಹುದು.’ ಪುತ್ತೂರು, ಸುಳ್ಯದ ಕಾಲೇಜುಗಳಲ್ಲಿ ಸಿ ಕಲಿಯುವ ಮಕ್ಕಳಿದ್ದರೆ ಅವರೂ ಇದನ್ನು ನಂಬಿಯಾರು. ಇದು ಅರ್ಧ ಸತ್ಯ.

ಸ್ಕೀಮ್ 1975ರಲ್ಲಿ ಅಮೆರಿಕದ ಎಂಐಟಿಯಲ್ಲಿ ಗೈ ಸ್ಟೀಲ್ ಮತ್ತು ಜೆರಾಲ್ಡ್ ಸಸ್‌ಮನ್ ರೂಪಿಸಿದ ಭಾಷೆ. ಚಿಕ್ಕದಾದ್ದರಿಂದ ಬೇರೆ ಪ್ರೋಗ್ರಾಂಗಳ ಹೊಟ್ಟೆಯೊಳಗೆ ಸುಲಭವಾಗಿ ಕೂರುತ್ತದೆ. ಫೋಟೊ ತಿದ್ದುವ ಉಚಿತ ತಂತ್ರಾಂಶ ಗಿಂಪ್ ಬರೆದಿರುವುದು ಸಿ ಭಾಷೆಯಲ್ಲಿ. ಅದರ ಸ್ಕ್ರಿಪ್ಟ್-ಫು ಒಳಗಿರುವುದು ಟೈನಿಸ್ಕೀಮ್.

ಕಂಟಿನ್ಯುಯೇಷನ್ ಅಂದರೆ ‘ಇಲ್ಲಿಂದ ಮುಂದೆ ಏನು ಮಾಡಬೇಕು’ ಎಂದು ಬರೆದಿಟ್ಟ ಚೀಟಿ. ಕಡಬದ ಒಂದು ಅಡಿಕೆ ಅಂಗಡಿಯನ್ನು ಊಹಿಸಿಕೊಳ್ಳಿ. ತೂಕ ಮುಗಿದಿದೆ, ದರ ಕೇಳಲು ಹುಡುಗ ಒಳಗೆ ಹೋಗಿದ್ದಾನೆ. ಚೀಟಿಯಲ್ಲಿರುವುದು ಇಷ್ಟೇ: ದರ ಬಂದ ಮೇಲೆ ಗುಣಿಸು, ಪುಸ್ತಕದಲ್ಲಿ ಬರೆ, ಹಣ ಕೊಡು. ಮರುದಿನ ಅದೇ ಚೀಟಿಯನ್ನು ಮತ್ತೆ ಓದಿದರೆ ಮತ್ತೆ ಗುಣಿಸಿ, ಬರೆದು, ಹಣ ಕೊಡುತ್ತಾರೆ. ನಿನ್ನೆ ಕೊಟ್ಟ ಹಣವೇನೂ ಗಲ್ಲಾಪೆಟ್ಟಿಗೆಗೆ ವಾಪಸು ಬರುವುದಿಲ್ಲ! ಹಿಂದೆ ಹೋಗುವುದು ಕೆಲಸದ ಜಾಗ ಮಾತ್ರ, ಕಾಲ ಅಲ್ಲ. ಅಳಿಸಿದ ಫೈಲ್ ಅಳಿಸಿದ್ದೇ, ಕಳಿಸಿದ ಮೆಸೇಜ್ ಕಳಿಸಿದ್ದೇ.

ಸ್ಕೀಮ್ ಒಂದೇ ಇದ್ದರೆ ತೊಂದರೆ ಇಷ್ಟಕ್ಕೇ ನಿಲ್ಲುತ್ತದೆ. ನಡುವೆ ಸಿ ಬಂದರೆ ಬೇರೆ ಕತೆ. ಸಿ ತನ್ನ ಲೆಕ್ಕವನ್ನು ಸ್ಟ್ಯಾಕ್‌ನಲ್ಲಿ, ಒಂದರ ಮೇಲೊಂದು ತಟ್ಟೆ ಇಟ್ಟಂತೆ, ಇಡುತ್ತದೆ. ಫಂಕ್ಷನ್ ಮುಗಿದಾಗ ಅದರ ತಟ್ಟೆ ಹೋಯಿತು. ಬಿಲ್ ಮಾಡುವ ಸಿ ಫಂಕ್ಷನ್ ಫೈಲ್ ತೆರೆದು, ದರ ಕೇಳಲು ಸ್ಕೀಮನ್ನು ಕರೆಯಿತು ಎನ್ನೋಣ. ಸ್ಕೀಮ್ ಅಲ್ಲೇ ಚೀಟಿ ಬರೆದಿಟ್ಟುಕೊಂಡಿತು. ಆಮೇಲೆ ಸಿ ಫೈಲ್ ಮುಚ್ಚಿ, ಮೆಮೊರಿ ಬಿಟ್ಟುಕೊಟ್ಟು ಹೊರಟುಹೋಯಿತು. ಈಗ ಚೀಟಿ ಹಿಡಿದು ವಾಪಸು ಬಂದರೆ ಅಲ್ಲಿ ತಕ್ಕಡಿಯೂ ಇಲ್ಲ, ಪುಸ್ತಕವೂ ಇಲ್ಲ. ಪ್ರೋಗ್ರಾಂ ಕುಸಿದರೆ ಅದೃಷ್ಟ. ಕುಸಿಯದೆ ತಪ್ಪು ಲೆಕ್ಕ ಬರೆದರೆ ಹುಡುಕುವುದೇ ಕಷ್ಟ.

ಗ್ನೂ ಗೈಲ್‌ನ ಹಳೆಯ 1.8 ಆವೃತ್ತಿ ಸಿ ಸ್ಟ್ಯಾಕನ್ನೇ ನಕಲು ಮಾಡಿಟ್ಟು, ಬೇಕಾದಾಗ ಮತ್ತೆ ಅದೇ ಜಾಗಕ್ಕೆ ಅಂಟಿಸುತ್ತಿತ್ತು. ಜಾಣತನವೇ. ಆದರೆ ತಟ್ಟೆಗಳ ನಕಲು ಬಂದರೂ ಮುಚ್ಚಿದ ಫೈಲ್ ತೆರೆದುಕೊಳ್ಳುವುದಿಲ್ಲವಲ್ಲ.

ಹಾಗಾದರೆ ಬಳಸಲೇಬಾರದೇ? ಹೊರಕ್ಕೆ ಜಿಗಿಯಲು, ಅಂದರೆ ತಪ್ಪು ಕಂಡಾಗ ಕೆಲಸ ಅರ್ಧಕ್ಕೇ ಬಿಟ್ಟು ಬರಲು, ಧಾರಾಳವಾಗಿ ಬಳಸಿ. ಆಗಲೂ ತೆರೆದ ಫೈಲ್ ಮುಚ್ಚುವ ಏರ್ಪಾಡು ಬೇಕು. ಸ್ಕೀಮ್‌ನಲ್ಲಿ ಅದಕ್ಕೆ ಡೈನಾಮಿಕ್-ವೈಂಡ್ ಇದೆ, ಗೈಲ್ ಸಿಗೂ ಅಂಥದ್ದನ್ನೇ ಕೊಟ್ಟಿದೆ. ಮುಗಿದುಹೋದ ಸಿ ಫಂಕ್ಷನ್ ಒಳಕ್ಕೆ ಮರಳುವುದನ್ನು ಮಾತ್ರ ತಡೆಯಬೇಕು. ಗೈಲ್‌ನಲ್ಲಿ ಇದಕ್ಕೆಂದೇ ‘ಕಂಟಿನ್ಯುಯೇಷನ್ ಬ್ಯಾರಿಯರ್’ ಇದೆ: ಆ ಗೋಡೆ ದಾಟಿ ಒಳಗೂ ಬರುವಂತಿಲ್ಲ, ಹೊರಗೂ ಜಿಗಿಯುವಂತಿಲ್ಲ, ದಾಟಲು ಹೋದರೆ ಎರರ್. ಹಣದ ಲೆಕ್ಕ ಮಾಡುವ ಸಿ ಕೋಡ್‌ನಿಂದ ಸ್ಕೀಮ್ ಕರೆಯುವಲ್ಲೆಲ್ಲ ನಾವಂತೂ ಈ ಗೋಡೆ ಕಟ್ಟಿಯೇ ಮುಂದೆ ಹೋಗುತ್ತೇವೆ.