ಚಹಾ ಅಂಗಡಿಯ ಲೆಕ್ಕದಿಂದ ಪ್ರಾಧ್ಯಾಪಕ ಪೀಠಕ್ಕೆ: ಫ್ರಾಂಕ್ ಲ್ಯಾಂಡ್ ಮತ್ತು ಮಾಹಿತಿ ವ್ಯವಸ್ಥೆಗಳ ಅಧ್ಯಯನ

ಗಣಕಯಂತ್ರದ ರಚನೆ ಮತ್ತು ಸಾಮರ್ಥ್ಯಗಳನ್ನು ಗಣಕ ವಿಜ್ಞಾನವು ಶೋಧಿಸಿದರೆ, ಒಂದು ಸಂಸ್ಥೆಯೊಳಗಿನ ಜನರು, ಅವರ ಕೆಲಸದ ಕ್ರಮ, ಕಾಗದಪತ್ರಗಳು ಮತ್ತು ಯಂತ್ರಗಳು ಒಟ್ಟುಗೂಡಿ ಮಾಹಿತಿಯನ್ನು ಹೇಗೆ ಕಲೆಹಾಕುತ್ತವೆ, ಹೇಗೆ ಹಂಚುತ್ತವೆ, ಅದರಿಂದ ಯಾವ ನಿರ್ಧಾರಗಳು ಹುಟ್ಟುತ್ತವೆ ಎಂಬುದನ್ನು ಮಾಹಿತಿ ವ್ಯವಸ್ಥೆಗಳ ಅಧ್ಯಯನವು ಶೋಧಿಸುತ್ತದೆ. ಬ್ರಿಟನ್ನಿನಲ್ಲಿ ಈ ಅಧ್ಯಯನಶಾಖೆಯ ಒಂದು ಮುಖ್ಯ ಬೇರು ಪ್ರಯೋಗಾಲಯದಲ್ಲಿ ಅಲ್ಲ, ಚಹಾ, ಬ್ರೆಡ್ಡು ಮತ್ತು ಕೇಕು ಮಾರುತ್ತಿದ್ದ ಜೆ. ಲಯನ್ಸ್ ಎಂಬ ಕಂಪನಿಯ ಕಚೇರಿಯಲ್ಲಿದೆ. ಆ ಕಚೇರಿಯ ಅನುಭವವನ್ನು ವಿಶ್ವವಿದ್ಯಾಲಯದ ಪಾಠವಾಗಿ ಮಾರ್ಪಡಿಸಿದವರಲ್ಲಿ ಫ್ರಾಂಕ್ ಲ್ಯಾಂಡ್ ಅಗ್ರಗಣ್ಯರು.

ಲಯನ್ಸ್ ಕಂಪನಿಯ ಲಾಭವು ಅತಿ ಸಣ್ಣ ಮೊತ್ತದ ಅಸಂಖ್ಯ ವ್ಯವಹಾರಗಳ ಮೇಲೆ ನಿಂತಿತ್ತಾದ್ದರಿಂದ, ಒಂದೊಂದು ಕಪ್ ಚಹಾದ ಹಿಂದೆಯೂ ಇದ್ದ ಲೆಕ್ಕಪತ್ರದ ವೆಚ್ಚವನ್ನು ತಗ್ಗಿಸುವುದು ಅದರ ಆಡಳಿತಕ್ಕೆ ನಿತ್ಯದ ಚಿಂತೆಯಾಗಿತ್ತು. 1923ರಲ್ಲಿ ಕಂಪನಿಗೆ ಸೇರಿದ ಗಣಿತಜ್ಞ ಜಾನ್ ಸಿಮನ್ಸ್ ಕಚೇರಿಯ ಕೆಲಸವನ್ನೇ ಶಾಸ್ತ್ರೀಯವಾಗಿ ಪರಿಶೀಲಿಸುವ ಪದ್ಧತಿಯನ್ನು ಬೆಳೆಸಿದರು. 1947ರಲ್ಲಿ ಅಮೆರಿಕದ ಕಚೇರಿ ವಿಧಾನಗಳನ್ನು ನೋಡಿ ಬರಲು ಹೋದ ಕಂಪನಿಯ ಇಬ್ಬರು ಅಧಿಕಾರಿಗಳಿಗೆ, ತಮ್ಮದೇ ದೇಶದ ಕೇಂಬ್ರಿಜ್‌ನಲ್ಲಿ ಮಾರಿಸ್ ವಿಲ್ಕ್ಸ್ ಅವರು ಎಡ್ಸಾಕ್ ಎಂಬ ಗಣಕವನ್ನು ಕಟ್ಟುತ್ತಿರುವ ಸುದ್ದಿ ಅಲ್ಲಿ ಸಿಕ್ಕಿತು. ಕಂಪನಿಯು ಆ ಕೆಲಸಕ್ಕೆ 3,000 ಪೌಂಡ್ ನೆರವನ್ನೂ ಒಬ್ಬ ತಂತ್ರಜ್ಞನನ್ನೂ ಕೊಟ್ಟು, 1949ರಲ್ಲಿ ಎಡ್ಸಾಕ್ ಕೆಲಸ ಆರಂಭಿಸಿದ ಮೇಲೆ ಅದರ ಮಾದರಿಯಲ್ಲಿ ತನ್ನದೇ ಯಂತ್ರವನ್ನು ನಿರ್ಮಿಸಿಕೊಂಡಿತು. ಲಯನ್ಸ್ ಎಲೆಕ್ಟ್ರಾನಿಕ್ ಆಫೀಸ್ ಎಂಬ ಹೆಸರಿನ ಮೊದಲಕ್ಷರಗಳಿಂದ ಲಿಯೋ ಎಂದು ಕರೆಯಲಾದ ಈ ಗಣಕವು 1951ರ ನವೆಂಬರ್‌ನಿಂದ ಬೇಕರಿಯ ಉತ್ಪನ್ನಗಳ ಮೌಲ್ಯದ ಲೆಕ್ಕವನ್ನು ವಾರವಾರವೂ ಮಾಡತೊಡಗಿತು. ವ್ಯಾಪಾರಿ ಕಚೇರಿಯೊಂದರ ದೈನಂದಿನ ಕೆಲಸಕ್ಕೆ ಗಣಕವನ್ನು ಹೂಡಿದ ಮೊದಲ ನಿದರ್ಶನವೆಂದು ಇತಿಹಾಸಕಾರರು ಇದನ್ನು ಪರಿಗಣಿಸುತ್ತಾರೆ.

ಲ್ಯಾಂಡ್ 1928ರಲ್ಲಿ ಬರ್ಲಿನ್‌ನ ಯಹೂದಿ ಕುಟುಂಬದಲ್ಲಿ ಹುಟ್ಟಿ, ನಾಜಿಗಳ ಕಿರುಕುಳದಿಂದಾಗಿ 1939ರಲ್ಲಿ ಬ್ರಿಟನ್ನಿಗೆ ವಲಸೆ ಬಂದವರು; ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಅರ್ಥಶಾಸ್ತ್ರ ಓದಿ, 1950ರ ದಶಕದ ಆರಂಭದಲ್ಲಿ ಲಯನ್ಸ್‌ನ ಲೆಕ್ಕಪತ್ರ ವಿಭಾಗಕ್ಕೆ ಸೇರಿ, ಅಲ್ಲಿಂದ ಲಿಯೋ ತಂಡಕ್ಕೆ ಆಯ್ಕೆಯಾದರು. ಆ ತಂಡದ ಕೆಲಸದ ರೀತಿಯನ್ನು ರೂಪಿಸಿದ ಡೇವಿಡ್ ಕ್ಯಾಮಿನರ್ ಅವರ ನಿಯಮವು ಕಟ್ಟುನಿಟ್ಟಾಗಿತ್ತು: ಒಂದು ವಿಭಾಗದ ಕೆಲಸ ಹೇಗೆ ನಡೆಯುತ್ತದೆ, ಯಾವ ಲೆಕ್ಕ ಯಾರಿಗೆ ಏಕೆ ಬೇಕು ಎಂಬುದನ್ನು ಸ್ಥಳಕ್ಕೇ ಹೋಗಿ ಅರಿತ ಮೇಲಷ್ಟೇ ಆದೇಶಾವಳಿಯನ್ನು, ಅಂದರೆ ಪ್ರೋಗ್ರಾಮನ್ನು, ಬರೆಯಬೇಕು. ಈ ಪೂರ್ವಭಾವಿ ಪರಿಶೀಲನೆಗೇ ಮುಂದೆ ವ್ಯವಸ್ಥಾ ವಿಶ್ಲೇಷಣೆ ಎಂಬ ಶಾಸ್ತ್ರೀಯ ಹೆಸರು ಬಂದಿತು.

ಈ ವಿಶ್ಲೇಷಣೆಯ ಬೆಲೆ ಎಷ್ಟೆಂಬುದು ಚಹಾ ಅಂಗಡಿಗಳ ಬೇಡಿಕೆಯ ಕೆಲಸದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನೂರಕ್ಕೂ ಹೆಚ್ಚು ಅಂಗಡಿಗಳ ವ್ಯವಸ್ಥಾಪಕಿಯರು ಮರುದಿನಕ್ಕೆ ಬೇಕಾದ ಪ್ರತಿಯೊಂದು ಪದಾರ್ಥವನ್ನೂ ನಿತ್ಯ ಪಟ್ಟಿ ಮಾಡುವ ಬದಲು, ವಾರದ ಒಂದೊಂದು ದಿನಕ್ಕೂ ಒಂದು ಸ್ಥಿರ ಬೇಡಿಕೆಯನ್ನು ಗೊತ್ತುಪಡಿಸಿ, ಅದರಲ್ಲಿ ಆಗಬೇಕಾದ ಬದಲಾವಣೆಗಳನ್ನು ಮಾತ್ರ ಮಧ್ಯಾಹ್ನ ದೂರವಾಣಿಯಲ್ಲಿ ತಿಳಿಸುವ ಕ್ರಮವನ್ನು ರೂಪಿಸಲಾಯಿತು; ಕರೆ ಕೇಳಿಸಿಕೊಳ್ಳುತ್ತಲೇ ಸಿಬ್ಬಂದಿಯು ಆ ಬದಲಾವಣೆಗಳನ್ನು ರಂಧ್ರ ಕೊರೆದ ಕಾರ್ಡುಗಳಿಗೆ ಇಳಿಸಿದರೆ, ಉಳಿದ ಲೆಕ್ಕವನ್ನು ಲಿಯೋ ಮಾಡಿ ಮುಗಿಸುತ್ತಿತ್ತು. ಸಂಬಳದ ಲೆಕ್ಕದಲ್ಲಿ ಗುಮಾಸ್ತನೊಬ್ಬನಿಗೆ 8 ನಿಮಿಷ ಹಿಡಿಯುತ್ತಿದ್ದ ಕೆಲಸವನ್ನು ಯಂತ್ರವು 1.5 ಸೆಕೆಂಡಿನಲ್ಲಿ ಮುಗಿಸಿತೆಂಬ ಸಂಗತಿಯನ್ನೇ ಹೆಚ್ಚಿನವರು ಹೇಳುತ್ತಾರಾದರೂ, ಇತಿಹಾಸದ ದೃಷ್ಟಿಯಿಂದ ಆ ವೇಗಕ್ಕಿಂತ ದೊಡ್ಡದು ಕೆಲಸದ ಕ್ರಮವನ್ನೇ ಹೊಸದಾಗಿ ಆಲೋಚಿಸಿದ ಈ ಜಾಣ್ಮೆ.

ಬ್ರಿಟನ್ನಿನ ಪ್ರಧಾನಿ ವಿಲ್ಸನ್ ಅವರ ಸರ್ಕಾರವು ಸ್ಥಾಪಿಸಿದ ರಾಷ್ಟ್ರೀಯ ಗಣಕ ಕೇಂದ್ರವು ವ್ಯವಸ್ಥಾ ವಿಶ್ಲೇಷಣೆಯ ಬೋಧನೆ ಮತ್ತು ಸಂಶೋಧನೆಗೆ ಧನಸಹಾಯ ನೀಡಿದಾಗ, 1967ರಲ್ಲಿ ಲ್ಯಾಂಡ್ ಉದ್ಯಮವನ್ನು ಬಿಟ್ಟು ತಾವು ಓದಿದ ಸಂಸ್ಥೆಗೇ ಅಧ್ಯಾಪಕರಾಗಿ ಮರಳಿದರು. ಪಠ್ಯಕ್ರಮವನ್ನು ಬಹುಮಟ್ಟಿಗೆ ಹೊಸದಾಗಿಯೇ ಕಟ್ಟಬೇಕಿದ್ದ ಆ ಸಮಯದಲ್ಲಿ, ಸಮಾಜವಿಜ್ಞಾನಗಳಿಗೆ ಮೀಸಲಾದ ಸಂಸ್ಥೆಯೊಂದರಲ್ಲಿ ಈ ವಿಷಯವು ನೆಲೆಗೊಂಡದ್ದು ಅದರ ಮುಂದಿನ ಸ್ವರೂಪಕ್ಕೆ ನಿರ್ಣಾಯಕವಾಯಿತೆಂದೇ ಹೇಳಬೇಕು. ತಂತ್ರಜ್ಞಾನದ ವಿಭಾಗದಲ್ಲಿ ಬೆಳೆದಿದ್ದರೆ ಅದು ಯಂತ್ರದ ಅನುಬಂಧವಾಗಿ ಉಳಿಯುವ ಸಂಭವವಿತ್ತು. 1982ರಲ್ಲಿ ಅವರು ಅಲ್ಲಿಯೇ ಪ್ರಾಧ್ಯಾಪಕರಾದರು, 1986ರಲ್ಲಿ ಲಂಡನ್ ಬಿಸಿನೆಸ್ ಸ್ಕೂಲ್‌ಗೆ ತೆರಳಿದರು.

ಸಂಶೋಧನೆಯಲ್ಲಿ ಅವರಿಗೆ ಸಮಾನಮನಸ್ಕರಾಗಿ ದೊರೆತವರು ಮ್ಯಾಂಚೆಸ್ಟರ್‌ನ ಎನಿಡ್ ಮಮ್‌ಫೋರ್ಡ್. ಬಂದರಿನ ಮತ್ತು ಕಲ್ಲಿದ್ದಲು ಗಣಿಯ ಕಾರ್ಮಿಕರ ನಡುವೆ ಅಧ್ಯಯನ ನಡೆಸಿದ್ದ ಆಕೆಯ ನಿಲುವು ಸಮಾಜ-ತಾಂತ್ರಿಕ ದೃಷ್ಟಿಗೆ ಸೇರಿದ್ದು. ಯಂತ್ರದ ದಕ್ಷತೆ ಮತ್ತು ದುಡಿಯುವವರ ತೃಪ್ತಿ ಎರಡನ್ನೂ ಒಟ್ಟಿಗೇ ವಿನ್ಯಾಸಗೊಳಿಸಬೇಕು, ಒಂದನ್ನು ಮುಗಿಸಿ ಮತ್ತೊಂದನ್ನು ಅದಕ್ಕೆ ಹೊಂದಿಸಬಾರದು ಎಂಬುದೇ ಆ ದೃಷ್ಟಿಯ ತಿರುಳು. ಹೊಸ ವ್ಯವಸ್ಥೆಯನ್ನು ನಿತ್ಯವೂ ಬಳಸಬೇಕಾದ ನೌಕರರು ಅದರ ರೂಪಣೆಯಲ್ಲಿ ಪಾಲ್ಗೊಳ್ಳಬೇಕೆಂದು ಲ್ಯಾಂಡ್ ಮತ್ತು ಮಮ್‌ಫೋರ್ಡ್ 1970ರ ದಶಕದಲ್ಲೇ ವಾದಿಸಿದರು. ಬಳಕೆದಾರರನ್ನು ಕೇಳದೆ ಕಟ್ಟಿದ ವ್ಯವಸ್ಥೆಗಳು ಎಷ್ಟೋ ಕಡೆ ಸೋತಿರುವುದನ್ನು ನೋಡಿದರೆ, ಈ ವಾದವು ಇಂದಿಗೂ ಹಳತಾಗಿಲ್ಲ.

ಲ್ಯಾಂಡ್ ಅವರ ನಾಯಕತ್ವವು ಪದವಿಗಳಿಗಿಂತ ಹೆಚ್ಚಾಗಿ ಅಧ್ಯಯನಶಾಖೆಯ ತಳಹದಿಯನ್ನು ಭದ್ರಪಡಿಸಿದ ಕೆಲಸದಲ್ಲಿ ವ್ಯಕ್ತವಾಗಿದೆ. ಮಾಹಿತಿ ವ್ಯವಸ್ಥೆಗಳ ಶಿಕ್ಷಣದಲ್ಲಿ ಏನನ್ನು ಕಲಿಸಬೇಕೆಂದು ಶಿಫಾರಸು ಮಾಡಿದ 1987ರ ಗ್ರಂಥಕ್ಕೆ ಅವರು ಇತರ ಮೂವರೊಡನೆ ಸಂಪಾದಕರಾಗಿದ್ದರು. 1996ರಲ್ಲಿ ಕ್ಯಾಮಿನರ್ ಮೊದಲಾದ ಹಳೆಯ ಸಹೋದ್ಯೋಗಿಗಳೊಂದಿಗೆ ಲಿಯೋದ ಇತಿಹಾಸವನ್ನು ಗ್ರಂಥರೂಪಕ್ಕೆ ತಂದರು. ಗಣಕಗಳ ಚರಿತ್ರೆಯು ಬಹುಕಾಲ ಯಂತ್ರ ಕಟ್ಟಿದವರ ಚರಿತ್ರೆಯಾಗಿಯೇ ಉಳಿದಿತ್ತು. ಆ ಯಂತ್ರಗಳನ್ನು ಬಳಕೆಗೆ ಹದಗೊಳಿಸಿದ ವಿಶ್ಲೇಷಕರ ದುಡಿಮೆಗೆ ದಾಖಲೆಯೊಳಗೆ ಸ್ಥಾನ ದೊರಕಿಸಿದ ಆ ಪುಸ್ತಕದ ಉಪಕಾರ ಸಣ್ಣದಲ್ಲ.

ಮಾಹಿತಿ ವ್ಯವಸ್ಥೆಗಳ ಅಂತರರಾಷ್ಟ್ರೀಯ ವಿದ್ವತ್ ಸಂಘವು ಜೀವಮಾನದ ಸಾಧನೆಗಾಗಿ 1999ರಲ್ಲಿ ಸ್ಥಾಪಿಸಿದ ಪ್ರಶಸ್ತಿಗೆ ಲಯನ್ಸ್ ಕಂಪನಿಯ ಗಣಕದ ನೆನಪಿನಲ್ಲಿ ಲಿಯೋ ಎಂದೇ ಹೆಸರಿಟ್ಟಿತು. ಅದನ್ನು ಪಡೆದ ಮೊದಲಿಗರಲ್ಲಿ ಮಮ್‌ಫೋರ್ಡ್ ಒಬ್ಬರು. ಲ್ಯಾಂಡ್ ಅವರಿಗೆ ಅದು 2003ರಲ್ಲಿ ಸಂದಿತು.