ಪಟವೋ ಪದವೋ: ಬೆಳಗಾವಿಯ ಗಡಿ ತಾಲೂಕುಗಳಲ್ಲಿ ಉದ್ದೇಶಿತ ಆನ್‌ಲೈನ್ ಜಾಹೀರಾತು

1. ಪ್ರವೇಶ

ಆನ್‌ಲೈನ್ ಜಾಹೀರಾತಿನಲ್ಲಿ ಚಿತ್ರ ಹೆಚ್ಚು ಫಲ ಕೊಡುತ್ತದೆಯೋ ಬರಹವೋ ಎಂಬ ಚರ್ಚೆ ಬಹುಪಾಲು ಇಂಗ್ಲಿಷ್ ಬಲ್ಲ ಬಳಕೆದಾರರನ್ನು ಮುಂದಿಟ್ಟುಕೊಂಡು ಬೆಳೆದಿದೆ. ಅಲ್ಲಿ ನೋಡುಗರ ಭಾಷೆ ಯಾವುದು, ಲಿಪಿ ಯಾವುದು, ಪೇಟೆ ಯಾವುದು ಎಂಬ ಪ್ರಶ್ನೆಗಳು ಏಳುವುದೇ ಅಪರೂಪ. ಮಹಾರಾಷ್ಟ್ರ ಗಡಿ ಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಈ ಮೂರೂ ಪ್ರಶ್ನೆಗಳು ದಿನನಿತ್ಯದವು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಬಳಸುವ ಕುಟುಂಬಗಳು ಇಲ್ಲಿ ಸಾಮಾನ್ಯ. ಆಸ್ಪತ್ರೆಗೆ ಮಿರಜ, ಮದುವೆ ಜವಳಿಗೆ ಕೊಲ್ಹಾಪುರ, ಸರಕಾರಿ ಕೆಲಸಕ್ಕೆ ಬೆಳಗಾವಿ.

ಇಂಥ ಪ್ರದೇಶದಲ್ಲಿ ಚಿತ್ರ, ಬರಹ ಎಂಬ ಎರಡೇ ವರ್ಗ ಸಾಲದು ಎಂಬುದು ಈ ಲೇಖನದ ವಾದ. ಇಲ್ಲಿ ಮೂರನೆಯ ಬಗೆಯೊಂದು ಮೇಲುಗೈ ಪಡೆದಿದೆ: ಚಿತ್ರದೊಳಗೆ ಅಚ್ಚಾದ ಬರಹ. ಮನುಷ್ಯರು ಅದನ್ನು ಓದುತ್ತಾರೆ. ಹುಡುಕುವ ಪದಗಳಿಗೆ ನಡೆಯುವ ಜಾಹೀರಾತು ಹರಾಜಿನಲ್ಲಿ ಅದಕ್ಕೆ ಲೆಕ್ಕವಿಲ್ಲ. ಈ ವಾದಕ್ಕೆ ನಿಪ್ಪಾಣಿಯ ತಂಬಾಕು ಮತ್ತು ಅಥಣಿಯ ಚಪ್ಪಲಿ ಎಂಬ ಎರಡು ಸರಕುಗಳನ್ನು ಆಧಾರವಾಗಿ ತೆಗೆದುಕೊಳ್ಳಲಾಗಿದೆ.

2. ಎರಡು ಪರಂಪರೆಗಳು

1994ರ ಅಕ್ಟೋಬರ್ 27ರಂದು ಹಾಟ್‌ವೈರ್ಡ್ ಜಾಲತಾಣದಲ್ಲಿ ಎಟಿ ಅಂಡ್ ಟಿ ಕಂಪನಿಯ ಪಟ್ಟಿ ಜಾಹೀರಾತು ಕಾಣಿಸಿಕೊಂಡಿತು. 468 ಪಿಕ್ಸೆಲ್ ಅಗಲ, 60 ಪಿಕ್ಸೆಲ್ ಎತ್ತರದ ಆ ಪಟ್ಟಿಯ ಕೆಲಸ, ಬೇರೇನನ್ನೋ ಓದಲು ಬಂದವರ ಕಣ್ಣಿಗೆ ಬೀಳುವುದು. 2000ದ ಅಕ್ಟೋಬರ್‌ನಲ್ಲಿ ಗೂಗಲ್ ಆರಂಭಿಸಿದ ಆಡ್‌ವರ್ಡ್ಸ್ ಬೇರೆ ದಾರಿ ಹಿಡಿಯಿತು. ಆಗ ಅದರಲ್ಲಿ ಚಿತ್ರವಿರಲಿಲ್ಲ, ಒಂದು ಶೀರ್ಷಿಕೆ, ಎರಡು ಸಾಲು ವಿವರಣೆ ಅಷ್ಟೆ. 2002ರಿಂದ ಹುಡುಕುವ ಪದಗಳಿಗೆ ಹರಾಜು ನಡೆಯತೊಡಗಿತು. ಹೆಚ್ಚು ಬೆಲೆ ಕೂಗಿದರೆ ಸಾಲದು, ಜಾಹೀರಾತು ಹುಡುಕಾಟಕ್ಕೆ ಹೊಂದಬೇಕು ಎಂಬ ನಿಯಮವೂ ಸೇರಿತು. ಒಟ್ಟಿನಲ್ಲಿ ಪಠ್ಯ ಜಾಹೀರಾತು ಕೇಳಿದ ಪ್ರಶ್ನೆಗೆ ಉತ್ತರ. ಚಿತ್ರ ಜಾಹೀರಾತು ಕೇಳದೆಯೇ ಬಂದ ಮಾತು.

ಕೇಳದ ಮಾತಿಗೆ ಕಿವಿಗೊಡದಿರುವುದು ಮನುಷ್ಯ ಸ್ವಭಾವ. ಮಾಹಿತಿ ಹುಡುಕುವವರು ಪರದೆಯ ಮೇಲಿನ ದೊಡ್ಡ ಪಟ್ಟಿಗಳನ್ನೇ ಗಮನಿಸದೆ ದಾಟುತ್ತಾರೆ ಎಂಬುದನ್ನು ಬೆನ್‌ವೇ ಮತ್ತು ಲೇನ್ 1998ರಲ್ಲಿ ತೋರಿಸಿದರು. ಆವಿ ಗೋಲ್ಡ್‌ಫಾರ್ಬ್ ಮತ್ತು ಕ್ಯಾಥರೀನ್ ಟಕರ್ ಅವರ 2011ರ ಅಧ್ಯಯನ ಇನ್ನೂ ಸೂಕ್ಷ್ಮವಾದದ್ದು. ಪುಟದ ವಿಷಯಕ್ಕೆ ಹೊಂದುವ ಜಾಹೀರಾತು ಕೊಳ್ಳುವ ಇರಾದೆಯನ್ನು ಹೆಚ್ಚಿಸುತ್ತದೆ. ಕಣ್ಣಿಗೆ ರಾಚುವ ಜಾಹೀರಾತೂ ಹೆಚ್ಚಿಸುತ್ತದೆ. ಎರಡನ್ನೂ ಒಟ್ಟಿಗೆ ಮಾಡಿದರೆ ಲಾಭ ಕರಗುತ್ತದೆ. ತಮ್ಮನ್ನು ಹಿಂಬಾಲಿಸಲಾಗುತ್ತಿದೆ ಎಂಬ ಗುಮಾನಿ ಇದರ ಹಿಂದಿದೆ ಎಂದು ಅವರು ವಿವರಿಸಿದರು. ಗುರಿ ನಿಖರವಾದಷ್ಟೂ ರೂಪ ಸರಳವಾಗಿರಲಿ ಎಂಬುದು ಇದರಿಂದ ಸಿಗುವ ಪಾಠ.

3. ನಿಪ್ಪಾಣಿ: ನಿಲ್ಲಿಸುವ ಚಿತ್ರ, ದಾರಿ ತೋರುವ ಬರಹ

ಬೀಡಿ ಕಟ್ಟಿನ ಲೇಬಲ್ಲು ಚಿತ್ರ ಜಾಹೀರಾತಿನ ಹಳೆಯ ದೇಸಿ ರೂಪ. ಓದು ಬಾರದ ಗಿರಾಕಿ ಕಂಪನಿಯ ಹೆಸರು ಹೇಳಬೇಕಿರಲಿಲ್ಲ. ಪ್ರಾಣಿಯದೋ ದೇವರದೋ ಅಂಕಿಯದೋ ಛಾಪ ಹೇಳಿದರೆ ಸಾಕಾಗುತ್ತಿತ್ತು. ಆದರೆ ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿಯ ಈ ಸರಕು ಆನ್‌ಲೈನ್ ಜಾಹೀರಾತಿನ ಹೊಸ್ತಿಲು ದಾಟುವಂತಿಲ್ಲ. 2003ರ ತಂಬಾಕು ಉತ್ಪನ್ನಗಳ ಕಾಯ್ದೆಯ 5ನೆಯ ಕಲಂ ಜಾಹೀರಾತನ್ನು ನಿಷೇಧಿಸುತ್ತದೆ. ಗೂಗಲ್, ಮೆಟಾ ಕಂಪನಿಗಳ ನಿಯಮಗಳೂ ತಂಬಾಕನ್ನು ಒಳಬಿಡುವುದಿಲ್ಲ.

ಹಾಗಿದ್ದೂ ಚಿತ್ರ ಮತ್ತು ಬರಹದ ಹೋಲಿಕೆಗೆ ಒಳ್ಳೆಯ ಪುರಾವೆ ಸಿಗುವುದು ತಂಬಾಕಿನ ಪೊಟ್ಟಣದ ಮೇಲೆಯೇ. 1975ರ ಕಾಯ್ದೆ ಸಿಗರೇಟಿನ ಮೇಲೆ ಬರಹದ ಎಚ್ಚರಿಕೆಯನ್ನಷ್ಟೇ ಕೇಳಿತು. ಬೀಡಿಗೆ ಅದು ಅನ್ವಯಿಸಲೇ ಇಲ್ಲ. 2009ರ ಮೇ 31ರಿಂದ ಚಿತ್ರದ ಎಚ್ಚರಿಕೆ ಬಂತು. 2016ರ ಏಪ್ರಿಲ್ 1ರಿಂದ ಪೊಟ್ಟಣದ ಮುಖ್ಯ ಬದಿಗಳ ಶೇ. 85 ಭಾಗ ಎಚ್ಚರಿಕೆಗೆ ಮೀಸಲಾಯಿತು: ಶೇ. 60 ಚಿತ್ರಕ್ಕೆ, ಶೇ. 25 ಬರಹಕ್ಕೆ. 2018ರ ಸೆಪ್ಟೆಂಬರ್‌ನಿಂದ ಚಟ ಬಿಡಲು ಬಯಸುವವರಿಗಾಗಿ ಶುಲ್ಕರಹಿತ ದೂರವಾಣಿ ಸಂಖ್ಯೆಯೂ ಸೇರಿತು. ಇಲ್ಲಿ ಕೆಲಸ ಹಂಚಿಕೆ ಸ್ಪಷ್ಟವಾಗಿದೆ. ಕೈಯನ್ನು ತಡೆಯುವುದು ಚಿತ್ರದ ಪಾಲು; ತಡೆದ ಮೇಲೆ ಮುಂದೇನು ಎಂದು ಹೇಳುವುದು ಅಕ್ಷರ ಮತ್ತು ಅಂಕಿಯ ಪಾಲು.

4. ಅಥಣಿ: ಚಿತ್ರ ರೂಪ ಹೊರುತ್ತದೆ, ಊರು ಹೊರುವುದಿಲ್ಲ

ಅಥಣಿ ಭಾಗದ ಕುಶಲಕರ್ಮಿಗಳು ಹದ ಮಾಡಿದ ತೊಗಲಿನಿಂದ, ತೊಗಲಿನ ಎಳೆಯಲ್ಲೇ ಹೊಲಿದು ಮಾಡುವ ಚಪ್ಪಲಿಗೆ ಕೊಲ್ಹಾಪುರಿ ಎಂದು ಹೆಸರು. 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕದ ವ್ಯಾಪ್ತಿಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಇವೆ. ಕರ್ನಾಟಕದ ಲಿಡ್ಕರ್, ಮಹಾರಾಷ್ಟ್ರದ ಲಿಡ್ಕಾಂ ಎಂಬ ಎರಡು ಚರ್ಮೋದ್ಯಮ ನಿಗಮಗಳಿಗೆ ಅದು ಜಂಟಿಯಾಗಿ ಸೇರಿದೆ.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಇದೇ ಮಾದರಿಯ ಪಾದರಕ್ಷೆ ತೋರಿಸಿತು. ವಿವರಣೆಯಲ್ಲಿ ಇದ್ದದ್ದು ತೊಗಲಿನ ಪಾದರಕ್ಷೆ ಎಂದಷ್ಟೆ. ಚಿತ್ರ ಜಗತ್ತೆಲ್ಲ ಸುತ್ತಿತು. ರೂಪವನ್ನು ಇಲ್ಲಿಯ ಜನ ಕಂಡಕೂಡಲೇ ಗುರುತಿಸಿದರು, ಆಕ್ಷೇಪ ಎದ್ದಿತು, ಕಂಪನಿ ಆಮೇಲೆ ಭಾರತೀಯ ಮೂಲವನ್ನು ಒಪ್ಪಿಕೊಂಡಿತು. ಚಿತ್ರವೊಂದೇ ಇದ್ದಾಗ ಸರಕಿನ ಆಕಾರ ಉಳಿದು ವಿಳಾಸ ಅಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ. ಭೌಗೋಳಿಕ ಸೂಚಕದ ಕಾನೂನು ಕಾಯುವುದೂ ಹೆಸರನ್ನೇ.

ಬರಹದ ಕಡೆ ಇನ್ನೊಂದು ತೊಡಕಿದೆ. ಗಿರಾಕಿ ಹುಡುಕುವುದು ಕೊಲ್ಹಾಪುರಿ ಎಂದು, ಅಥಣಿ ಎಂದಲ್ಲ. ಅಥಣಿಯ ಮಾರಾಟಗಾರರು ಪಠ್ಯ ಜಾಹೀರಾತು ಕೊಡಬೇಕಾದರೆ ಗಡಿಯಾಚೆಯ ನಗರದ ಹೆಸರಿಗೇ ಹರಾಜು ಕೂಗಬೇಕು, ಅದೂ ದೊಡ್ಡ ನಗರಗಳ ವ್ಯಾಪಾರಿಗಳ ಎದುರು. ಅವರಿಗೆ ಉಳಿಯುವ ಅವಕಾಶ ಶೀರ್ಷಿಕೆಯಲ್ಲಿದೆ. ಈಗ ಗೂಗಲ್ ಒಂದು ಶೀರ್ಷಿಕೆಗೆ 30 ಅಕ್ಷರಗಳ ಮಿತಿ ಇಟ್ಟಿದೆ. 'ಅಥಣಿ ಕೊಲ್ಹಾಪುರಿ ಚಪ್ಪಲಿ' ಎಂಬುದು ನಮ್ಮ ಕಣ್ಣಿಗೆ ಹತ್ತು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಕಾಗುಣಿತದ ಚಿಹ್ನೆ, ಹಲಂತ ಚಿಹ್ನೆ, ಖಾಲಿ ಜಾಗ ಎಲ್ಲವೂ ಬಿಡಿಬಿಡಿ: 'ಪ್ಪ' ಒಂದೇ ಮೂರು ಸಂಕೇತ. ಹೀಗೆ ಎಣಿಸಿದರೆ ಇಡೀ ಶೀರ್ಷಿಕೆ 22 ಸಂಕೇತ ನುಂಗುತ್ತದೆ. ಬೆಲೆಗೋ ಗುಣಕ್ಕೋ ಉಳಿಯುವುದು ಎಂಟು. ಪಠ್ಯ ಜಾಹೀರಾತಿನ ಇಕ್ಕಟ್ಟು ಕನ್ನಡಕ್ಕೆ ಇಂಗ್ಲಿಷಿಗಿಂತ ಬಿಗಿ.

5. ಚಿತ್ರದೊಳಗೆ ಸೇರಿಕೊಂಡ ಬರಹ

ಈ ಇಕ್ಕಟ್ಟಿನಿಂದ ಪಾರಾಗಲು ವ್ಯಾಪಾರಿಗಳು ಹೋಗುವುದು ಡಿಟಿಪಿ ಮತ್ತು ಫ್ಲೆಕ್ಸ್ ಅಂಗಡಿಗೆ. ಅಲ್ಲಿ ಕೋರೆಲ್‌ಡ್ರಾದಲ್ಲಿ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲೋ ಪುಣೆಯ ಶ್ರೀಲಿಪಿಯಲ್ಲೋ ಟೈಪ್ ಮಾಡುವ ರೂಢಿ ಬೇರೂರಿದೆ. ಶ್ರೀಲಿಪಿಯಲ್ಲಿ ಕನ್ನಡ, ಮರಾಠಿ ಎರಡೂ ಸಿಗುವುದರಿಂದ ಗಡಿ ಪೇಟೆಗೆ ಅದು ಅನುಕೂಲ. ಆದರೆ ಯೂನಿಕೋಡ್ ಅಲ್ಲದ ಅಕ್ಷರಶೈಲಿಯ ಬರಹವನ್ನು ನಕಲು ಮಾಡಿ ಫೋನಿಗೆ ಹಾಕಿದರೆ ಅರ್ಥವಿಲ್ಲದ ರೋಮನ್ ಅಕ್ಷರ ಬರುತ್ತದೆ. ಆದ್ದರಿಂದ ಇಡೀ ವಿನ್ಯಾಸವನ್ನು ಚಿತ್ರವಾಗಿಸಿ ಕೊಡುತ್ತಾರೆ. ಅಂಗಡಿಯ ಹೆಸರು, ದರ, ವಿಳಾಸ, ಫೋನ್ ನಂಬರು, ಮೇಲೆ ಕುಲದೇವರ ಪಟ ಎಲ್ಲವೂ ಒಂದೇ ಚೌಕಟ್ಟಿನಲ್ಲಿ. ಚಿಂಚಲಿ ಮಾಯಕ್ಕನ ಜಾತ್ರೆಗೆ ಕಟ್ಟುವ ಫ್ಲೆಕ್ಸು ಹಾಗೆಯೇ ಕುಗ್ಗಿ ವಾಟ್ಸ್ಆ್ಯಪ್ ಸ್ಟೇಟಸ್ ಆಗುತ್ತದೆ.

ಫೇಸ್‌ಬುಕ್ ಒಂದು ಕಾಲಕ್ಕೆ ಚಿತ್ರದ ಶೇ. 20ಕ್ಕಿಂತ ಹೆಚ್ಚು ಜಾಗದಲ್ಲಿ ಬರಹವಿದ್ದರೆ ಅಂಥ ಜಾಹೀರಾತಿನ ಹರಡುವಿಕೆಯನ್ನು ಕಡಿಮೆ ಮಾಡುತ್ತಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಆ ನಿರ್ಬಂಧ ಸಡಿಲವಾಯಿತು. ನಿಯಮ ಹೋದರೂ ನಷ್ಟ ಹೋಗಿಲ್ಲ. ಚಿತ್ರದೊಳಗಿನ ನಂಬರನ್ನು ಒತ್ತಿದರೆ ಕರೆ ಹೋಗುವುದಿಲ್ಲ. ಊರಿನ ಹೆಸರು ಹುಡುಕುವ ಪದವಾಗಿ ಕೆಲಸ ಮಾಡುವುದಿಲ್ಲ. ಅಂಗೈಯಗಲದ ಪರದೆಯಲ್ಲಿ ಒತ್ತಕ್ಷರ ಕಲಸಿಹೋಗುತ್ತದೆ. ದರ ಬದಲಾದರೆ ಮತ್ತೆ ಡಿಟಿಪಿ ಅಂಗಡಿಗೆ ಹೋಗಬೇಕು.

6. ಗುರಿ ಮತ್ತು ಗಡಿ

ಸ್ಥಳವನ್ನು ಗುರಿ ಮಾಡುವ ವಿಧಾನವೂ ರೂಪದ ಆಯ್ಕೆಯನ್ನು ಬದಲಿಸುತ್ತದೆ. ಕಾಗವಾಡವನ್ನು ಕೇಂದ್ರವಾಗಿಟ್ಟು 30 ಕಿ.ಮೀ. ವೃತ್ತ ಎಳೆದರೆ ಮಿರಜ, ಸಾಂಗಲಿ ಒಳಗೆ ಬರುತ್ತವೆ. ಆ ವೃತ್ತದಲ್ಲಿ ಕನ್ನಡದ ಬರಹ ಅರ್ಧ ಪೇಟೆಗೆ ತಲುಪುವುದಿಲ್ಲ, ಚಿತ್ರ ತಲುಪುತ್ತದೆ. 591ರಿಂದ ಶುರುವಾಗುವ ಪಿನ್‌ಕೋಡ್‌ಗಳನ್ನಷ್ಟೇ ಆರಿಸಿದರೆ 416ರ ಮಹಾರಾಷ್ಟ್ರ ಬದಿ ಹೊರಗುಳಿಯುತ್ತದೆ, ಅದರ ಜೊತೆ ಗಿರಾಕಿಗಳೂ. ಭಾಷೆಯ ಗುರಿ ಇನ್ನೂ ಸಡಿಲ. ಫೋನಿನ ಭಾಷೆಯನ್ನು ಇಂಗ್ಲಿಷಿನಲ್ಲಿಟ್ಟು, ರೋಮನ್ ಅಕ್ಷರದಲ್ಲಿ ಹುಡುಕುವ ರಾಯಬಾಗದ ಕನ್ನಡಿಗರನ್ನು ಯಂತ್ರ ಕನ್ನಡಿಗರೆಂದು ತಿಳಿಯುವ ಭರವಸೆಯಿಲ್ಲ.

ಚಿತ್ರವೂ ಗುರಿಯ ಭಾಗವೇ. ಮುಹಮ್ಮದ್ ಅಲಿ ಮತ್ತು ಸಂಗಡಿಗರು 2019ರಲ್ಲಿ ಫೇಸ್‌ಬುಕ್‌ನಲ್ಲಿ ನಡೆಸಿದ ಪ್ರಯೋಗದಲ್ಲಿ, ಮನುಷ್ಯರ ಕಣ್ಣಿಗೆ ಕಾಣದಷ್ಟು ಪಾರದರ್ಶಕ ಮಾಡಿದ ಚಿತ್ರ ಬಳಸಿದರೂ ಜಾಹೀರಾತು ಯಾರಿಗೆ ತೋರಬೇಕೆಂಬ ಯಂತ್ರದ ತೀರ್ಮಾನ ಚಿತ್ರಕ್ಕೆ ತಕ್ಕಂತೆ ವಾಲಿತು. ಹಾಗಾಗಿ ಎರಡು ರೂಪಗಳ ಕ್ಲಿಕ್ ಸಂಖ್ಯೆಯನ್ನು ಪಕ್ಕಪಕ್ಕ ಇಟ್ಟು ಇದು ಗೆದ್ದಿತು, ಅದು ಸೋತಿತು ಎನ್ನುವುದು ತಪ್ಪು ತೀರ್ಮಾನವಾದೀತು. ಎರಡನ್ನೂ ನೋಡಿದವರು ಒಂದೇ ಬಗೆಯ ಜನ ಆಗಿರಲಿಕ್ಕಿಲ್ಲ.

7. ಉಪಸಂಹಾರ

ಬೆಳಗಾವಿ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲಿ ಸುಮಾರು ಶೇ. 73. ಈ ಅಂಕಿ ಹಿಡಿದು ಇಲ್ಲಿಗೆ ಚಿತ್ರವೇ ಸಾಕು ಎನ್ನುವುದು ಸುಲಭ. ನಿಪ್ಪಾಣಿ, ಅಥಣಿಯ ನಿದರ್ಶನಗಳು ಬೇರೆ ಹೇಳುತ್ತವೆ. ಗಮನ ಸೆಳೆಯಲು ಚಿತ್ರ ಬೇಕು; ಮೂಲ, ಬೆಲೆ, ಕರೆಯ ದಾರಿ ಹೇಳಲು ಬರಹ ಬೇಕು; ಆ ಬರಹ ಚಿತ್ರದ ಹೊರಗೆ ಯೂನಿಕೋಡ್‌ನಲ್ಲಿರಬೇಕು. ಒಂದೇ ಫೋಟೊಕ್ಕೆ ಕನ್ನಡದ್ದೊಂದು, ಮರಾಠಿಯದ್ದೊಂದು ಒಕ್ಕಣೆ ಕೊಡುವುದಕ್ಕೆ ಹೆಚ್ಚಿನ ಖರ್ಚಿಲ್ಲ. ಮುಂದಿನ ಅಧ್ಯಯನ ಈ ಐದು ತಾಲೂಕುಗಳಲ್ಲಿ ಇಂಥ ಒಕ್ಕಣೆಗಳನ್ನೂ ಬರಹ ಅಚ್ಚಾದ ಚಿತ್ರವನ್ನೂ ಹೋಲಿಸಬೇಕು. ಅಳತೆಗೋಲಾಗಿ ಕ್ಲಿಕ್ಕನ್ನು ಬಿಟ್ಟು, ಅಂಗಡಿಗೆ ಬಂದ ಕರೆಯನ್ನೂ ಕರೆ ಯಾವ ಭಾಷೆಯಲ್ಲಿ ಬಂತೆಂಬುದನ್ನೂ ದಾಖಲಿಸಬೇಕು. ಗಡಿ ಪೇಟೆಯಲ್ಲಿ ಯಾವ ರೂಪ ಯಾರಿಗೆ ತಲುಪಿತು ಎಂಬುದು ಆ ದಾಖಲೆಯಿಂದ ತಿಳಿದೀತು.