ಹತ್ತಿಯ ಬೆಲೆ ಮತ್ತು ಕಡಲ ಕಾವಲು: ‘ಬರ್ಮುಡಾ’ ಹಡಗಿನ ಹಿನ್ನೆಲೆಯಲ್ಲಿ ಗದಗ ಸೀಮೆ, 1861–65

ಅಮೆರಿಕದ ಅಂತರ್ಯುದ್ಧದಿಂದ ಧಾರವಾಡ ಜಿಲ್ಲೆಯ ಹತ್ತಿಗೆ ಬಂಗಾರದ ಬೆಲೆ ಬಂತೆಂಬುದು ತಿಳಿದ ಸಂಗತಿ. ಆ ಬೆಲೆಯ ಆಯುಷ್ಯ ದಕ್ಷಿಣದ ಬಂದರುಗಳ ದಿಗ್ಬಂಧನಕ್ಕೆ ಎಷ್ಟು ಬಿಗಿಯಾಗಿ ಕಟ್ಟಿಕೊಂಡಿತ್ತು ಎಂಬುದನ್ನು ಒಂದು ಹಡಗಿನ ಚರಿತ್ರೆಯೊಂದಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

1861ರ ಏಪ್ರಿಲ್‌ನಲ್ಲಿ ಲಿಂಕನ್ ದಿಗ್ಬಂಧನ ಸಾರಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಕಟ್ಟಿದ ‘ಬರ್ಮುಡಾ’ ಎಂಬ ಉಗಿಹಡಗು ಸೆಪ್ಟೆಂಬರ್‌ನಲ್ಲಿ ಕಾವಲು ತಪ್ಪಿಸಿ, ಯುದ್ಧಸಾಮಗ್ರಿಯೊಡನೆ ಸವಾನಾ ಬಂದರು ಸೇರಿತು. ಹತ್ತಿ ಹೇರಿಕೊಂಡು ಹೊರಬಿತ್ತು. 1862ರ ಏಪ್ರಿಲ್ 27ರಂದು ಬಹಾಮಾ ದ್ವೀಪಗಳ ಬಳಿ ‘ಮರ್ಸಿಡಿಟಾ’ ನೌಕೆಗೆ ಸೆರೆಸಿಕ್ಕಿತು. ಉತ್ತರದ ನೌಕಾಪಡೆ ಅದನ್ನೇ ಕೊಂಡು, 1863ರ ಮೇ ತಿಂಗಳಿಂದ ಫಿಲಡೆಲ್ಫಿಯಾದಿಂದ ಮೆಕ್ಸಿಕೋ ಕೊಲ್ಲಿಯ ಕಾವಲು ಪಡೆಗೆ ಸಾಮಗ್ರಿ ಸಾಗಿಸಲು ಹಚ್ಚಿತು. ತಾನು ಭೇದಿಸಿದ್ದ ದಿಗ್ಬಂಧನಕ್ಕೆ ಹಡಗೇ ಆಹಾರ ಹೊತ್ತಿತು.

ಆ ಕೊಲ್ಲಿಯ ನಂಟು ಗದಗಿನ ಎರೆಭೂಮಿಗೆ ಮೊದಲೇ ಇತ್ತು. 1840ರ ದಶಕದಿಂದ ಇಲ್ಲಿ ಬೇರೂರಿದ ವಿಲಾಯತಿ ಹತ್ತಿಯ ಬೀಜ ನ್ಯೂ ಆರ್ಲಿಯನ್ಸ್‌ನದು. ವ್ಯಾಪಾರದಲ್ಲಿ ಅದು ‘ಧಾರವಾಡ–ಅಮೆರಿಕನ್’ ಎನಿಸಿತು. ಜವಾರಿ ಹತ್ತಿ ಕುಮಟಾ ಬಂದರಿನ ಹೆಸರಲ್ಲಿ ಮಾರಾಟವಾಗುತ್ತಿತ್ತು. ತವರಿನ ದಾರಿ ಮುಚ್ಚಿದಾಗ ಲ್ಯಾಂಕಷೈರಿನ ಗಿರಣಿಗಳು ಆ ಬೀಜದ ಪರದೇಶದ ಬೆಳೆಯತ್ತ ತಿರುಗಿದವು.

ಗದಗ, ಮುಂಡರಗಿ ಬ್ರಿಟಿಷ್ ಧಾರವಾಡದಲ್ಲಿದ್ದವು. ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿಗೆ ಸೇರಿದ್ದವು. ಬೆಲೆಗೆ ಈ ಗಡಿಗಳ ಹಂಗಿರಲಿಲ್ಲ. ಆಡಳಿತವೂ ಹತ್ತಿಯ ಹಿಂದೆ ಓಡಿತು: ಕಾರವಾರವನ್ನು ಹತ್ತಿಯ ಬಂದರಾಗಿಸುವ ಒತ್ತಾಯದಿಂದ 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು, ಬೆರಕೆ ತಡೆಯಲು 1863ರಲ್ಲಿ ಕಾಯ್ದೆ ಬಂತು. ಏರುಬೆಲೆಯ ಹತ್ತಿಯಲ್ಲಿ ಕಾಳು, ಕಸ, ಕೀಳು ಅರಳೆ ಬೆರೆಯುತ್ತಿದ್ದವು.

1865ರಲ್ಲಿ ಯುದ್ಧ ಮುಗಿಯಿತು. ಬೆಲೆ ಕುಸಿಯಿತು, ಮುಂಬಯಿಯ ಷೇರು ಪೇಟೆ ಮುಳುಗಿತು. ಅದೇ ವರ್ಷ ನೌಕಾಪಡೆ ‘ಬರ್ಮುಡಾ’ವನ್ನು ಹರಾಜು ಹಾಕಿತು. ಅಮೆರಿಕದ ಸುಪ್ರೀಂ ಕೋರ್ಟು ಇದೇ ಹಡಗಿನ ಮೊಕದ್ದಮೆಯಲ್ಲಿ, ನಡುವೆ ತಟಸ್ಥ ಬಂದರಿನಲ್ಲಿ ತಂಗಿದರೂ ಶತ್ರುವಿಗೆ ಹೊರಟ ಸರಕಿನ ಪಯಣ ಒಂದೇ ಎಂಬ ತತ್ವವನ್ನು ಎತ್ತಿಹಿಡಿಯಿತು. ಹೊಲದಿಂದ ಗಿರಣಿಯವರೆಗಿನ ಹತ್ತಿಯ ದಾರಿಯನ್ನೂ ಹೀಗೆ ಅಖಂಡವಾಗಿ ಓದಿದರೆ, ಗದಗಿನ ಆ ನಾಲ್ಕು ವರ್ಷಗಳು ಕೃಷಿಯ ಚರಿತ್ರೆಗೆ ಸೇರಿದಷ್ಟೇ ನೌಕಾಯುದ್ಧದ ಚರಿತ್ರೆಗೂ ಸೇರುತ್ತವೆ.